ತುದಿಹೊಲದ ಪಾಳಿ

೩ ಅಕ್ಟೋಬರ್ ೨೦೨೪, ಗುರುವಾರ. ಮೂಡಲಗಿ. ಬೆಳಿಗ್ಗೆ ೬

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಮಹಾಜನಗಳೇ! ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಸೌಟು ಹಿಡಿದು ತಮ್ಮ ಮುಂದೆ ನಿಂತಿದ್ದೇನೆ. ರೊಟ್ಟಿ ಕಟ್ಟಿದ್ದಾಯಿತು. ಶೇಂಗಾ ಚಟ್ನಿ, ಮಾವನ ಗುಳಿಗೆ, ಅತ್ತೆಯ ಮೊಣಕಾಲಿನ ಎಣ್ಣೆ, ಮಗಳ ಚಾರ್ಜರು — ಕಟ್ಟಿದ್ದಾಯಿತು. ನಮ್ಮವರು ಇನ್ನೂ ಹಾಸಿಗೆಯಲ್ಲಿ. ಅವರನ್ನೂ ಕಟ್ಟಿದರೆ ಹೊರಡಬಹುದು.

ನಾಲ್ಕು ದಿನದ ಪ್ರವಾಸ. ಯಾರಿಗೂ ಬೇಸರ ಆಗಬಾರದೆಂದು ಮಾವ ಪರಪ್ಪನವರು ಕಾಲುವೆ ನೀರಿಗೆ ಹಚ್ಚುವ ಹಾಗೆ ಪಾಳಿ ಹಚ್ಚಿದ್ದಾರೆ. ಒಬ್ಬೊಬ್ಬರಿಗೆ ಅರ್ಧ ದಿನ. ಪಾಳಿ ಯಾರದೋ ಅವರು ಹೇಳಿದ ಕಡೆಗೆ ಎಲ್ಲರೂ. ಗೊಣಗುವಂತಿಲ್ಲ.

“ಪಾಳಿ ಅಂದ್ರ ಪಾಳಿ. ಇನ್ನೊಬ್ಬರ ನೀರು ಕದ್ದರ ಶಿವ ಮೆಚ್ಚಾಂಗಿಲ್ಲ.”

ಮಗಳಿಗೆ ಫಾಲ್ಸು, ಮಾವಗೆ ಡ್ಯಾಮು,
ಗಂಡಗೆ ಲಾರಿ, ನನಗೆ ಬಾಮು.

ಅತ್ತೆ ಬಾಳವ್ವ ಪ್ರಾಸಕ್ಕೆ ಸಿಗಲಿಲ್ಲ. ಸಿಗುವವರೂ ಅಲ್ಲ.

ಕೊನೆಯ ಪಾಳಿ ನನ್ನದು. ಕಾಲುವೆ ತುದಿಯ ಹೊಲ. ನೀರು ಅಲ್ಲಿತನಕ ಬಂದರೆ ಬಂತು.

೪ ಅಕ್ಟೋಬರ್, ಶುಕ್ರವಾರ. ಹುಕ್ಕೇರಿ, ಲಾಡ್ಜು. ಸಂಜೆ

ನಿನ್ನೆ ಗೋಕಾಕ ಫಾಲ್ಸು. ಮಗಳು ಭಾಗ್ಯಾ ತೆಗೆದ ಫೋಟೋಗಳಲ್ಲಿ ನಾನೂ ಇದ್ದೇನೆ — ಚೀಲ ಹಿಡಿದ ಒಂದು ಕೈ.

ಇವತ್ತು ನಮ್ಮವರ ಪಾಳಿ. ಹತ್ತರಗಿ ಹತ್ತಿರ ಹೆದ್ದಾರಿಯ ದಾಬಾ. ದನದ ಪೇಟೆಯಲ್ಲಿ ಎತ್ತು ನೋಡುವ ಹಾಗೆ ಲಾರಿ ನೋಡುತ್ತ ಕುಳಿತರು. “ಆ ಟೈರ್ ನೋಡ, ಹೆಂಗ ಅದಾವ!” ನೋಡಿದೆ. ದುಂಡಗಿದ್ದವು.

“ಅವ್ವಾ, ನಿನ್ನ ಪಾಳಿಗೆ ಎಲ್ಲಿ?” ಭಾಗ್ಯಾ ಕೇಳಿದಳು.

“ನೋಡೂಣ.”

“ಬ್ಯಾಡಾದ್ರ ನನಗ ಕೊಡ. ಇನ್ನೊಮ್ಮೆ ಫಾಲ್ಸಿಗೆ ಹೋಗೂಣು.”

“ಇಲ್ಲೇ ಬಂದ್ರಾತು,” ಎಂದರು ನಮ್ಮವರು.

ನನಗೆ ಬೇಕಾದದ್ದು ಊರಲ್ಲ. ಒಂದು ಕೋಣೆ. ಮುಚ್ಚಿದ ಬಾಗಿಲು. ಯಾರೂ ಕರೆಯದ ಅರ್ಧ ದಿನ. ಹೇಳುವುದು ಹೇಗೆ? ನೀವಿಲ್ಲದ ಜಾಗವೇ ನನ್ನ ಪ್ರೇಕ್ಷಣೀಯ ಸ್ಥಳ — ಅಂತಲೇ?

೬ ಅಕ್ಟೋಬರ್, ಭಾನುವಾರ. ಅದೇ ಲಾಡ್ಜು. ಬೆಳಿಗ್ಗೆ ೧೧

ನಿನ್ನೆ ಬರೆಯಲಿಲ್ಲ. ಹಿಡಕಲ್ ಡ್ಯಾಮಿನಲ್ಲಿ ಮಾವ ನೀರಿಗೆ ಕೈಮುಗಿದು ನಿಂತರು. “ನಮ್ಮ ಹೊಲಕ್ಕ ಬರೂ ನೀರಿನ ತವರುಮನಿ ಇದು.” ಮಧ್ಯಾಹ್ನ ಅತ್ತೆಯ ಪಾಳಿ — ದಡ್ಡಿ ಎಂಬ ಊರು, ಅವರ ಅಕ್ಕ ಇಂದ್ರವ್ವನ ಮನೆ. ಅಕ್ಕತಂಗಿಯರು ಕಟ್ಟೆಯ ಮೇಲೆ ಕುಳಿತರು. ಎದ್ದಾಗ ಅತ್ತೆಯ ಮುಖ ತೊಳೆದಿಟ್ಟ ಹಾಗಿತ್ತು. ಒಳಗೆ ಚಹಾ ಮಾಡಿದ್ದು ನಾನು.

ಇವತ್ತು ನನ್ನ ಪಾಳಿ. ಎಲ್ಲರೂ ಚಪ್ಪಲಿ ಮೆಟ್ಟಿ ಸುತ್ತ ನಿಂತರು. “ಹೇಳ, ಎಲ್ಲಿ?”

“ತಲಿ ನೋಯಾಕತ್ತೈತ್ರಿ. ನೀವು ಅಡ್ಡಾಡಿ ಬರ್ರಿ.”

ಹೋದರೇ? ಚಪ್ಪಲಿ ಬಿಟ್ಟು ಕುಳಿತರು. ಭಾಗ್ಯಾ ಬಾಮು ಹಚ್ಚಿದಳು. ಮಾವ “ಪಿತ್ತ” ಎಂದರು. ನಮ್ಮವರು ಟೀವಿ ಹಚ್ಚಿದರು — ಸಣ್ಣ ದನಿಯಲ್ಲಿ, ಪ್ರೀತಿಯಿಂದ. ಒಂದು ತಾಸು. ನನ್ನ ನೀರು ಅವರ ಕಾಲಡಿ ಹರಿದು ಹೋಗುತ್ತಿತ್ತು.

ಅತ್ತೆ ನನ್ನ ಮುಖ ನೋಡಿದರು. ಟೀವಿ ಆರಿಸಿದರು.

“ಏಳ್ರಿ ಎಲ್ಲಾರೂ. ಇವತ್ತ ಅಕಿ ಪಾಳಿ. ಅಕಿ ಹೊಲದಾಗ ನಿಮಗೇನ ಕೆಲಸ?”

“ಅಕಿಗೆ ಆರಾಮಿಲ್ಲಲ್ಲಬೇ...” ನಮ್ಮವರು.

“ನೀ ಎದ್ರ ಆರಾಮ ಆಕ್ಕೈತಿ. ಏಳ.”

ಮೊದಲು ಎದ್ದವರು ಮಾವ. ಕಾನೂನು ಅವರದೇ.

ಎಲ್ಲರನ್ನೂ ಹೊರಗೆ ಹಾಕಿ ಅತ್ತೆ ಬಾಗಿಲಲ್ಲಿ ನಿಂತರು. ಸಣ್ಣಗೆ ಹೇಳಿದರು: “ಇಷ್ಟ ವರ್ಷದಾಗ ನನಗ ಈ ತಲಿನೋವು ಹೊಳೀಲೇ ಇಲ್ಲ ನೋಡ.”

ಬಾಗಿಲು ಎಳೆದುಕೊಂಡು ಹೋದರು.

ಮಧ್ಯಾಹ್ನ

ಕೋಣೆ. ಫ್ಯಾನು. ಹೊರಗೆ ಯಾರದೋ ಬಕೆಟ್ಟು ತುಂಬುವ ಸದ್ದು — ನಳ ಬಂದ್ ಮಾಡಲು ನಾನು ಏಳಬೇಕಿಲ್ಲ. ಪ್ರಾಸ ಹುಡುಕಿದೆ. ಬರಲಿಲ್ಲ.

ಮಹಾಜನಗಳೇ, ನೀವೂ ಏಳಿ. ಸಭೆ ಇಲ್ಲ. ತಲೆನೋವೂ ಇಲ್ಲ. ಇಷ್ಟು ದಿನ ತಮಾಷೆ ಮಾಡಿದೆ — ನನಗೆ ಸಾಕಾಗಿದೆ. ಖರೆ, ಬಹಳ ಸಾಕಾಗಿದೆ. ಅವರು ಬರುವುದು ಇನ್ನಷ್ಟು ತಡವಾಗಲಿ ಅಂತ ಬೇಡಿಕೊಳ್ಳುತ್ತ ಪೆನ್ನು ಮುಚ್ಚಿಡುತ್ತೇನೆ.