ಬಿಸಿನೀರಿಗೆ ಹಾಕಿದ ಕೈ

ಬೊಂಬಾಯಿ ವಿಮಾನ ನಿಲ್ದಾಣ
೧೨-೨-೧೯೯೭, ಬುಧವಾರ, ಮಧ್ಯಾಹ್ನ

ಮುದ್ದಿನ ಮಗಳು ಷಮೀಮ್‌ಗೆ ಅಮ್ಮಿಯ ಸಾವಿರ ದುವಾ.

ಹೇಗಿದ್ದೀಯ ಕಂದಾ? ಅಬ್ಬಾನ ಕೆಮ್ಮು ಹೇಗಿದೆ? ನಿನ್ನ ಬೆರಳಿಗೆ ಬೊಬ್ಬೆ ಎದ್ದಿವೆಯಾ? ಎದ್ದಿದ್ದರೆ ಒಡೆಯಬೇಡ, ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ. ಹಬ್ಬಕ್ಕೆ ಹಾಕಿಕೊಂಡ ಮೆಹಂದಿ ರೇಷ್ಮೆ ಗೂಡು ಬೇಯುವ ಆ ನೀರಿಗೆ ಎರಡೇ ದಿನದಲ್ಲಿ ಬಿಳಚಿಕೊಳ್ಳುತ್ತದೆ, ಅದಕ್ಕೆ ಅಳುತ್ತಾ ಕೂರಬೇಡ. ನಾನು ವಾಪಸು ಬರುವವರೆಗೆ ನನ್ನ ಚರಕದ ಮುಂದೆ ನೀನು ಕೂರದೆ ಹೋದರೆ ಲಾಲ್ ಬಾಷಾ ಭಾಯಿ ಆ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ. ನೂಲು ತೆಗೆಸುವ ಕಸುಬು ಅವರದು, ಅವರಾದರೂ ಎಷ್ಟು ದಿನ ಕಾಯುತ್ತಾರೆ? "ಹದಿನೈದು ದಿನ ತಾನೇ ಅಮ್ಮಿ, ನಾನೇ ಕೂತ್ಕೊಂತೀನಿ, ನೀ ಹೋಗ್ಬಾ" ಎಂದು ನೀನೇ ಧೈರ್ಯ ಹೇಳಿ ಕಳಿಸಿದೆ. ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಇಟ್ಟುಕೊಂಡು ಸ್ಕೂಲು ತಪ್ಪಿಸುತ್ತಿದ್ದೀಯಲ್ಲ ಎಂದು ದಾರಿಯುದ್ದಕ್ಕೂ ದಿನ ಎಣಿಸುತ್ತಾ ಬಂದೆ. ಸಂಜೆ ಬಂದ ಮೇಲೆ ಪುಸ್ತಕ ಹಿಡಿ. ನಿನಗೆ ಉರ್ದು ಓದಲು ತಡವರಿಕೆ, ನನಗೂ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡವೇ ಕೈಗೆ ಹತ್ತಿರ. ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ, ತಪ್ಪು ಹುಡುಕಿ ನಗಬೇಡ.

ಈಗ ಕೇಳು, ನಾನೆಲ್ಲಿ ಕೂತಿದ್ದೇನೆ ಗೊತ್ತಾ? ಇಟಲಿಗೆ ಹೋಗುವ ವಿಮಾನ ಆರು ಗಂಟೆ ತಡವಂತೆ. ನನ್ನನ್ನು ಕರೆದುಕೊಂಡು ಹೊರಟಿರುವ ರೇಷ್ಮೆ ಇಲಾಖೆಯ ಅನಸೂಯಮ್ಮನವರಿಗೆ ಮಂಡಿ ನೋವು. "ಈ ಕಬ್ಬಿಣದ ಕುರ್ಚೀಲಿ ನನ್ ಕೈಲಾಗಲ್ಲ ಬಾಮ್ಮ" ಎಂದು ಮೇಲಿನ ಮಹಡಿಗೆ ಕರೆತಂದರು. ಇದಕ್ಕೆ ಲೌಂಜ್ ಎನ್ನುತ್ತಾರೆ. ಬಾಗಿಲಲ್ಲಿ ತಲೆಗಿಷ್ಟು ಎಂದು ದುಡ್ಡು ಕೊಟ್ಟು ಒಳಗೆ ಬಂದು ಕೂರುವುದು. ಕೂರುವುದಕ್ಕೆ ದುಡ್ಡು ಕೊಡುತ್ತಾರೆ ಕಣೇ! ಇಷ್ಟು ವರ್ಷ ಕೂತು ದುಡ್ಡು ತೆಗೆದುಕೊಂಡವಳು ನಾನು. ಹೊರಗೆ ಕೂತವರೂ ಅದೇ ವಿಮಾನಕ್ಕೇ ಕಾಯುತ್ತಿದ್ದಾರೆ, ನಮ್ಮದೇನೂ ಮೊದಲು ಹೊರಡುವುದಿಲ್ಲವಲ್ಲ ಎಂದು ಕೇಳಿದೆ. ಅನಸೂಯಮ್ಮ ನಕ್ಕು ಮಂಡಿ ನೀವಿಕೊಂಡರು.

ಒಳಗೆ ಕಾಲಿಟ್ಟರೆ ನಡೆದ ಸದ್ದೇ ಕೇಳದಷ್ಟು ದಪ್ಪ ಜಮಖಾನ. ಸೋಫಾದ ಮೇಲೆ ಕೂತೆನೋ ಇಲ್ಲವೋ, ಮೊಣಕಾಲು ಗದ್ದದ ಹತ್ತಿರ ಬಂತು. ಒಂದು ಗುಂಡಿ ಒತ್ತಿದರೆ ಚಹಾ ಸುರಿಸುವ ಮೆಷೀನು ಇದೆ. ಹೇಗೆ ಬರುತ್ತದೆ ನೋಡೋಣವೆಂದೇ ನಾಲ್ಕು ಸಲ ಒತ್ತಿದೆ, ಆಮೇಲೆ ನಾಲ್ಕು ಲೋಟವನ್ನೂ ನಾನೇ ಕುಡಿಯಬೇಕಾಯಿತು. ಸ್ನಾನದ ಮನೆಯೂ ಇದೆ. ಊರಿಗೆ ಹೊರಡುವವರು ಮನೆಯಲ್ಲಿ ಮಿಂದು ಬರುವುದಿಲ್ಲವೇ ಎಂದುಕೊಳ್ಳುತ್ತಿದ್ದ ಹಾಗೇ ಒಬ್ಬ ಸಾಹೇಬರು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದು ಟೈ ಕಟ್ಟಿಕೊಂಡರು. ಬಲು ಜಂಬದ ಟೈ, ಆದರೆ ರೇಷ್ಮೆಯದ್ದಲ್ಲ. ಅದನ್ನು ನಾನು ಇಲ್ಲಿಂದಲೇ ಹೇಳಿಬಿಟ್ಟೆ, ಅನಸೂಯಮ್ಮ ನನ್ನ ತೊಡೆ ಚಿವುಟಿದರು. ಪಕ್ಕದ ಸೋಫಾದಲ್ಲಿ ಒಬ್ಬಳು ಬಿಳಿಯ ಹೆಂಗಸು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಒರಗಿದ್ದಳು. ಪಾಪ, ಆಪರೇಷನ್ ಆಗಿದೆಯೇನೋ ಎಂದು ಮನಸ್ಸಿನಲ್ಲೇ ದುವಾ ಮಾಡಿದೆ. ಸ್ವಲ್ಪ ಹೊತ್ತಿಗೆ ಪಟ್ಟಿ ಬಿಚ್ಚಿ ಪೇಪರ್ ಓದತೊಡಗಿದಳು! ನಿದ್ದೆ ಮಾಡುವಾಗ ಕಣ್ಣಿಗೆ ಬೆಳಕು ಬೀಳದಿರಲೆಂದು ಕಟ್ಟಿಕೊಂಡಿದ್ದಂತೆ.

ಇಲ್ಲಿ ಯಾವುದಕ್ಕೂ ವಾಸನೆ ಇಲ್ಲ, ಅದೇ ನನಗೆ ಸೋಜಿಗ. ನಮ್ಮ ಶಿಡ್ಲಘಟ್ಟದಲ್ಲಿ ಬೆಂದ ಹುಳುವಿನ ವಾಸನೆ ಇಲ್ಲದ ಬೀದಿಯೇ ಇಲ್ಲ. ನನ್ನ ಸೀರೆಯಿಂದ ಅದು ಬರುತ್ತಿದೆಯಾ ಎಂದು ಅನಸೂಯಮ್ಮನನ್ನು ಕೇಳಿದೆ. "ಬಂದ್ರೆ ಬರ್ಲಿ ಬಿಡು, ಅದನ್ನ ತೋರ್ಸೋಕೇ ತಾನೇ ಹೋಗ್ತಿರೋದು" ಎಂದರು. ನಿಜ, ಇಲಾಖೆಯ ಒಂದು ಚರಕವನ್ನು ಮರದ ಪೆಟ್ಟಿಗೆಯಲ್ಲಿ ಹಾಕಿ ಸಾಮಾನಿನ ಜೊತೆ ಕಳಿಸಿದ್ದಾರೆ. ಅಲ್ಲಿನ ಪ್ರದರ್ಶನದಲ್ಲಿ ಜನರ ಎದುರು ಗೂಡು ಬೇಯಿಸಿ ಎಳೆ ತೆಗೆದು ತೋರಿಸಬೇಕು. ಇಷ್ಟು ಬರೆಯುವಷ್ಟರಲ್ಲಿ ಹೊಟ್ಟೆ ಹಸಿಯಿತು. ಊಟ ನಾವೇ ಬಡಿಸಿಕೊಳ್ಳಬೇಕಂತೆ, ಹೋಗಿ ಬರುತ್ತೇನೆ.

ಹೋಗಿ ಬಂದೆ. ಬಂದ ಕಥೆ ಕೇಳು. ಉದ್ದನೆಯ ಮೇಜಿನ ಮೇಲೆ ಮುಚ್ಚಳ ಹಾಕಿದ ಸ್ಟೀಲಿನ ಪಾತ್ರೆಗಳು, ಕೆಳಗೆ ಸಣ್ಣ ಉರಿ. ಕೋಳಿ ಇತ್ತು, ಹಲಾಲ್ ಹೌದೋ ಅಲ್ಲವೋ ಎಂದು ಮುಟ್ಟಲಿಲ್ಲ. ಕೊನೆಯ ಪಾತ್ರೆಯಲ್ಲಿ ಹಬೆಯಾಡುವ ನೀರು, ನೀರಿನಲ್ಲಿ ಬಿಳಿಯ ಮೊಟ್ಟೆಗಳು. ಮೊಟ್ಟೆಗೇನು ತೊಂದರೆ ಎಂದು ಕೈ ಹಾಕಿ ಮೂರು ತೆಗೆದೆ. ಪಕ್ಕದಲ್ಲಿ ಸೌಟು ಇತ್ತು ಕಣೇ, ನಾನು ನೋಡಲೇ ಇಲ್ಲ. ಪಾತ್ರೆಗಳನ್ನು ನೋಡಿಕೊಳ್ಳಲು ನಿಂತಿದ್ದ ಹೆಂಗಸು ಕಿರುಚಿಕೊಂಡಳು. ಕೂತಿದ್ದವರೆಲ್ಲ ಎದ್ದು ನಿಂತರು. ನಾನು ಕದ್ದೆನೇನೋ ಎನ್ನುವ ಹಾಗೆ ಆಯಿತು, ಮೊಟ್ಟೆಗಳನ್ನು ವಾಪಸು ನೀರಿಗೆ ಬಿಟ್ಟೆ, ಮತ್ತೆ ಬರಿಗೈಯಲ್ಲೇ! ಅವಳು ಓಡಿ ಹೋಗಿ ಐಸು ತಂದು, ನನ್ನನ್ನು ಕೂರಿಸಿ, ಬೆರಳುಗಳನ್ನು ಅದರಲ್ಲಿ ಅದ್ದಿ ಹಿಡಿದಳು. ಬಿಸಿಗೆ ಏನೂ ಆಗದವಳು ಐಸಿಗೆ "ಅಯ್ಯೋ ಅಲ್ಲಾ" ಎಂದು ಕೂಗಿದೆ. ಎಷ್ಟು ಹೇಳಿದರೂ ಕೈ ಬಿಡಲಿಲ್ಲ. ಆಮೇಲೆ ಅಂಗೈ ಮಗುಚಿ ಬೆರಳ ತುದಿಗಳನ್ನು ಒಂದೊಂದಾಗಿ ಸವರಿ ನೋಡಿದಳು, ಗೆರೆ ಸವೆದು ನುಣ್ಣಗಾಗಿರುವುದನ್ನು. ಅವಳ ಕಣ್ಣಲ್ಲಿ ನೀರು ಬಂತು. ಯಾರೋ ಏನೋ, ನನ್ನ ಕೈ ನೋಡಿ ಅವಳೇಕೆ ಅಳಬೇಕು? ಇಂಗ್ಲಿಷಿನಲ್ಲಿ ಏನೋ ಕೇಳಿದಳು. "ಎಷ್ಟನೇ ವಯಸ್ನಿಂದ ಈ ಕೆಲಸ ಅಂತಾಳೆ" ಎಂದರು ಅನಸೂಯಮ್ಮ. ಹದಿಮೂರು ಎಂದೆ. ಅವಳೇ ಮೊಟ್ಟೆ ಸುಲಿದು, ಉಪ್ಪು ಮೆಣಸು ಹಾಕಿ, ತಟ್ಟೆಯಲ್ಲಿ ತಂದುಕೊಟ್ಟಳು. ತಿಂದೆ, ರುಚಿ ಹತ್ತಲಿಲ್ಲ.

ಈ ಕಾಗದವನ್ನು ಟಪಾಲಿಗೆ ಹಾಕುತ್ತೇನೆಂದು ಅವಳೇ ಒಪ್ಪಿಕೊಂಡಿದ್ದಾಳೆ. ಅಬ್ಬಾನಿಗೆ ಸಲಾಂ ಹೇಳು, ಬೀಡಿ ಕಡಿಮೆ ಮಾಡಲು ಹೇಳು. ಅಲ್ಲಾಹು ನಿನ್ನನ್ನು ಸುಖವಾಗಿಟ್ಟಿರಲಿ, ನಿನ್ನ ತಲೆಯ ಒಂದು ಕೂದಲಿಗೂ ನೋವಾಗದಿರಲಿ.

ನಿನ್ನ ಅಮ್ಮಿ,
ವಜೀರುನ್ನೀಸಾ

ಮರೆತ ಮಾತು: ವಿಮಾನಕ್ಕೆ ಕರೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ತಲೆಗೆ ಓದು ಹತ್ತದೆ ಸ್ಕೂಲು ಬಿಟ್ಟೆ ಎಂದು ನಿನಗೆ ಹೇಳಿಕೊಂಡು ಬಂದಿದ್ದೆನಲ್ಲ, ಅದು ಸುಳ್ಳು. ನಿನ್ನ ನಾನಿ, ನನ್ನಮ್ಮ, ತಮ್ಮ ತಂಗಿಯ ಬಾಣಂತನಕ್ಕೆಂದು ಚಿಂತಾಮಣಿಗೆ ಹೋದರು, ಅವರ ಜಾಗದಲ್ಲಿ ನಾನು ಕೂತೆ. ಅದೂ ಹದಿನೈದೇ ದಿನ. ಯಾರೂ ಬಲವಂತ ಮಾಡಲಿಲ್ಲ, ನಾನೇ ಕೂತೆ. ಅವರು ಬಂದ ಮೇಲೆ ಯಜಮಾನರು "ಮಗೀಗ್ ಕೈ ಚೆನ್ನಾಗ್ ಕೂತೈತೆ" ಎಂದು ನನಗೆ ಇನ್ನೊಂದು ಚರಕ ಕೊಟ್ಟರು. ಮನೆಯಲ್ಲಿ ಎಲ್ಲರಿಗೂ ಖುಷಿ, ನನಗೂ ಖುಷಿ. ಮೊದಲ ಐದು ದಿನ ಬೆರಳು ಉರಿದವು, ರಾತ್ರಿ ಅತ್ತೆ. ಆರನೇ ದಿನ ಉರಿ ನಿಂತುಹೋಯಿತು. ಆಮೇಲೆ ನಾನು ಏಳಲೇ ಇಲ್ಲ. ಈ ಕಾಗದ ನಿನಗೆ ಸಿಗುವಷ್ಟರಲ್ಲಿ ನಾಲ್ಕೈದು ದಿನ ಆಗಿರುತ್ತದೆ. ಲಾಲ್ ಬಾಷಾ ಭಾಯಿಗೆ ನನ್ನ ಹೆಸರು ಹೇಳು, ಜಾಗ ಹೋದರೆ ಹೋಗಲಿ, ಬೇರೆ ಎಲ್ಲಾದರೂ ನಾನು ಕೂರುತ್ತೇನೆ. ನೀನು ಸ್ಕೂಲಿಗೆ ಹೋಗು. ಕೈ ಇನ್ನೂ ಉರಿಯುತ್ತಿರುವಾಗಲೇ ಎದ್ದುಬಿಡು, ಷಮೀಮ್.