ಚೆಕ್‌ಲಿಸ್ಟಿನ ಏಳನೇ ಸಾಲು

ಮಾರ್ಚ್ 3, ಬೆಳಗ್ಗೆ 11
ಸರಕು ವಿಮಾನದ ಲೋಡ್ ಶೀಟ್, ಅಂದರೆ ಭಾರದ ಲೆಕ್ಕದ ಹಾಳೆ, ಮುಗಿಸಿದೆ. ಯಂತ್ರದ ಬಿಡಿಭಾಗ, ಔಷಧಿ, ಬಟ್ಟೆ ಬೇಲು — ಹದಿನಾಲ್ಕು ಟನ್. ಭಾರದ ಪೆಟ್ಟಿಗೆಗಳು ನಡುವೆ. ಕ್ಯಾಪ್ಟನ್ ಬಂದು ಸಹಿ ಹಾಕಿ ಹೋದರು. ನನ್ನ ಪ್ರಶ್ನೆಗಳಿಗೆ ಬೇಸರಪಡದವರು ಇಲ್ಲಿ ಅವರೊಬ್ಬರೇ. ಉಳಿದವರಿಗೆ ನಾನು ಬಾಯಿ ತೆರೆದರೆ ತಲೆನೋವು.

ಸಂಜೆ 5
ವಿಮಾನ ಬಿತ್ತು. ನೆಲ ಬಿಟ್ಟು ಎದ್ದಿತ್ತಷ್ಟೆ, ರನ್‌ವೇ ಆಚೆಯ ಬಯಲಿಗೆ... ಕ್ಯಾಪ್ಟನ್ ಇಲ್ಲ. ಕೋ-ಪೈಲಟ್ ಇಲ್ಲ. ನನ್ನ ಲೆಕ್ಕ ತಪ್ಪಿತ್ತೇ?

ಮಾರ್ಚ್ 6
ಎಲ್ಲರ ಕಣ್ಣೂ ನನ್ನ ಮೇಲೆ. ಭಾರ ಹಿಂದಕ್ಕೆ ಜಾರಿದರೆ ವಿಮಾನ ಮೂಗೆತ್ತಿ ಬೀಳುತ್ತದೆ — ಕ್ಯಾಂಟೀನಿನವನಿಗೂ ಈಗ ಗೊತ್ತು. ಹೆಂಡತಿ: "ಊಟ ಮಾಡ್ರೀ, ಹಾಳೆ ಎಲ್ಲೂ ಓಡಿಹೋಗಲ್ಲ." ಹದಿನೆಂಟನೇ ಸಲ ಕೂಡಿಸಿದೆ. ಸರಿಯಾಗಿಯೇ ಇದೆ. ಹಾಗಾದರೆ ಏಕೆ ಬಿತ್ತು? ತಲೆಯಲ್ಲಿ ಹುಳ ಬಿಟ್ಟಂತಾಗಿದೆ.

ಮಾರ್ಚ್ 19
ತನಿಖೆಯ ಮೇಡಂ ಕರೆಸಿದ್ದರು. ಸರಕಿನ ಬಲೆಗಳು ಕಟ್ಟಿದಂತೆಯೇ ಸಿಕ್ಕಿವೆಯಂತೆ. "ನಿಮ್ಮ ಲೋಡ್ ಜರುಗಿಲ್ಲ. ಫ್ಲಾಪ್ ಇಳಿಸಿರ್ಲಿಲ್ಲ. ಪೈಲಟ್ ತಪ್ಪು."
ಫ್ಲಾಪ್ ಅಂದರೆ ರೆಕ್ಕೆಯ ಹಿಂಬದಿಯ ಹಲಗೆ. ಇಳಿಸದಿದ್ದರೆ ಅಷ್ಟು ಭಾರ ಮೇಲೇಳದು. ಹಳೇ ವಿಮಾನ, ಎಚ್ಚರಿಸುವ ಹಾರ್ನ್ ಇಲ್ಲ. ಉಸಿರು ಬಿಟ್ಟೆ. ಬಿಟ್ಟಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಕ್ಯಾಪ್ಟನ್ ಹೊರಡುವ ಮುಂಚಿನ ಚೆಕ್‌ಲಿಸ್ಟನ್ನು ಬೆರಳಿಟ್ಟು ಓದುವ ಮನುಷ್ಯ!
"ಹೇಗೆ ಮರೆತ್ರು ಮೇಡಂ?"
"ನಮಗೂ ಅದೇ ಪ್ರಶ್ನೆ. ನಾಳೆ ಬನ್ನಿ, ಕಾಕ್‌ಪಿಟ್ ರೆಕಾರ್ಡಿಂಗ್ ಕೇಳಿ. ಒಂದು ದನಿ ಯಾರದ್ದು ಅಂತ ಗೊತ್ತಾಗ್ತಿಲ್ಲ."

ಮಾರ್ಚ್ 20, ಮಧ್ಯಾಹ್ನ
ಕೇಳಿದೆ. ಕ್ಯಾಪ್ಟನ್ ಒಂದೊಂದೇ ಸಾಲು ಓದುತ್ತಾರೆ. ಆರನೆಯದು ಮುಗಿಯಿತು. ಅಷ್ಟರಲ್ಲಿ ಕಂಪನಿಯ ರೇಡಿಯೊ.
"ಸಾರ್, ವಿಮಾನದ ಟೈರಿಗೆ ಯಾವ ಗಾಳಿ ತುಂಬ್ತಾರೆ?"
"ಬಂತಪ್ಪಾ ನಮ್ಮ ಪ್ರಶ್ನೆಪತ್ರಿಕೆ! ನೈಟ್ರೋಜನ್ ಕಣೋ. ಯಾಕೆ ಅಂತ ವಾಪಸ್ ಬಂದು ಹೇಳ್ತೀನಿ."
ನಗು. ಆಮೇಲೆ ಎಂಟನೇ ಸಾಲು.
ಏಳನೆಯದು ಫ್ಲಾಪ್.
ಹೊರಡುವಾಗ ರೇಡಿಯೊದಲ್ಲಿ ನನ್ನದೊಂದು ಪ್ರಶ್ನೆ — ಎರಡು ವರ್ಷದಿಂದ ನಮ್ಮಿಬ್ಬರ ರೂಢಿ. ಅದೂ ಒಂದು ಸಂಗತಿಯೆಂದು ಹೊಳೆದೇ ಇರಲಿಲ್ಲ.
"ಗುರುತು ಸಿಕ್ತಾ?" ಎಂದರು ಮೇಡಂ.
"ಇಲ್ಲ ಮೇಡಂ. ಬರೀ ಕರಕರ ಅಂತಿದೆ." ಬಾಯಿಂದ ಬಂದೇಬಿಟ್ಟಿತು.

ಮಾರ್ಚ್ 27
ಆಫೀಸಿನ ಮೆಟ್ಟಿಲ ಹತ್ತಿರ ಕ್ಯಾಪ್ಟನ್ ಹೆಂಡತಿ ಸಿಕ್ಕರು. "ಮನೆಗೆ ಬೀಗ ಹಾಕಿದ್ರೂ ಮೂರು ಸಲ ಎಳೆದು ನೋಡೋರು. ಅವರು ಹೇಗೆ ಮರೀತಾರೆ? ನಿಮಗೇನಾದ್ರೂ ಗೊತ್ತಾ ಅಣ್ಣಾ?" ತಲೆಯಾಡಿಸಿದೆ, ಇಲ್ಲವೆಂದು.
ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಹೇಳಿದ್ರೆ ಅವರು ಎದ್ದು ಬರ್ತಾರಾ?" ಎಂದಳು. ಸ್ವಲ್ಪ ಹೊತ್ತಿಗೆ ತಾನೇ, "ಆಯಮ್ಮನಿಗಾದ್ರೂ ಗೊತ್ತಾಗ್ಬೇಕಲ್ವಾ..."

ಮಾರ್ಚ್ 28, 10 ಗಂಟೆ
ಮೇಡಂ ಕೋಣೆಯ ಹೊರಗೆ, ಬೆಂಚಿನ ಮೇಲೆ. ಇವತ್ತು ವರದಿಗೆ ಮೇಡಂ ಸಹಿ — 'ಪೈಲಟ್ ತಪ್ಪು. ಮೂರನೇ ದನಿ ಗುರುತಾಗಿಲ್ಲ.' ಕೆಲಸ ಹೋಗಬಹುದು. ಹೆದರಿಕೆ ಇದೆ. ನೈಟ್ರೋಜನ್ನೇ ಏಕೆಂದು ಇನ್ನೂ ಯಾರನ್ನೂ ಕೇಳಿಲ್ಲ. ಕೇಳುವ ಮನಸ್ಸೂ ಇಲ್ಲ.
ಒಳಗಿಂದ ಕರೆದರು. ಇಷ್ಟೇ ಹೇಳುವುದು — ಕೇಳಿದವನು ನಾನು ಮೇಡಂ, ಅವರು ಬರೀ ಉತ್ತರ ಕೊಟ್ಟರು.