ಮೂವತ್ತೊಂದು, ಕಂಫರ್ಟಬಲ್

ಸೌತ್ ಶೀಲ್ಡ್ಸ್
ಗುರುವಾರ, ೧೯ ನವೆಂಬರ್ ೧೯೩೧

ಪ್ರೀತಿಯ ಮಗ ಎಡ್ವಿನ್‌ಗೆ,

ಹೇಗಿದ್ದೀಯ ಕಂದ? ಹಡಗಿನ ಥಂಡಿಗೆ ನಿನ್ನ ಎದೆ ಕಟ್ಟಿಕೊಂಡಿಲ್ಲ ತಾನೆ? ನಾನು ಹೆಣೆದುಕೊಟ್ಟ ಉಣ್ಣೆಯಂಗಿ ಹಾಕಿಕೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ಈ ಕಾಗದ ವಾಲ್ಪರೈಸೊ ಬಂದರಿನಲ್ಲಿ ನಿನ್ನ ಕೈ ಸೇರುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ. "ಅವರಿಗೆ ಬರೀಬೇಡಿ ಅತ್ತೆ, ಅಷ್ಟು ದೂರ ಕೂತು ಅವರೇನು ಮಾಡಕ್ಕಾಗುತ್ತೆ?" ಎಂದಳು ನಿನ್ನ ಹೆಂಡತಿ ಓಲಿವ್. ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹೆಟ್ಟಿಗೆ ಗಂಟಲಮಾರಿ ಬಂದಿದೆ.

ಎರಡನೇ ತಾರೀಕು ಮಗುವಿನ ಗಂಟಲು ಬಾತು, ಉಸಿರು ಗೊರಗೊರ ಎನ್ನತೊಡಗಿತು. ಸಾಂಕ್ರಾಮಿಕ ಆಸ್ಪತ್ರೆಯ ಗಾಡಿ ಬಂತು. ಕೆಂಪು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಓಲಿವ್ ಕೈಗೆ ಒಂದು ಚೀಟಿ ಕೊಟ್ಟರು: ಮೂವತ್ತೊಂದು. ಅಂದಿನಿಂದ ನಿನ್ನ ಮಗಳಿಗೆ ಹೆಸರಿಲ್ಲ. ಒಳಗೆ ಯಾರನ್ನೂ ಬಿಡುವುದಿಲ್ಲ. ದಿನಾ ಸಂಜೆ ಪೇಪರಿನಲ್ಲಿ ಆಸ್ಪತ್ರೆಯವರು ಹಾಕಿಸುವ ನಂಬರು ನೋಡಿಕೊಳ್ಳಬೇಕು. 'ಅಪಾಯದಲ್ಲಿರುವವರು' ಎಂದು ಒಂದು ಸಾಲು, 'ಬದಲಾವಣೆ ಇಲ್ಲ' ಎಂದು ಇನ್ನೊಂದು, ಕೊನೆಗೆ 'ಕಂಫರ್ಟಬಲ್'. ಗುಣವಾದ ಮಕ್ಕಳ ಮನೆಗೆ ಬಟ್ಟೆ, ಶೂ ತನ್ನಿ ಎಂದು, ಕಳಿಸಿಕೊಡುವ ಹಿಂದಿನ ದಿನವೇ ಕಾರ್ಡು ಬರುತ್ತದೆ. ಪಕ್ಕದ ಮನೆ ಬೆಸ್ಸಿಯ ಮಗನಿಗೆ ಹಾಗೇ ಬಂದಿತ್ತು. ಹತ್ತು ದಿನ ನಮ್ಮ ಮೂವತ್ತೊಂದು ಮೊದಲ ಸಾಲು ಬಿಟ್ಟು ಕದಲಲಿಲ್ಲ. ಹೋದ ಶುಕ್ರವಾರ ಕಂಫರ್ಟಬಲ್ ಸಾಲಿಗೆ ಬಂತು ನೋಡು, ಓಲಿವ್ ಬೀದಿಯಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಬೆಸ್ಸಿ ಬಿಸಿ ಬನ್ನು ತಂದು, "ತಿನ್ರೇ, ಇನ್ನೇನು, ಗೆದ್ದಳು ಹುಡುಗಿ" ಎಂದಳು.

ನನಗೆ ಮಾತ್ರ ಆ 'ಕಂಫರ್ಟಬಲ್' ಎಂಬ ಮಾತಿನ ಮೇಲೆ ನಂಬಿಕೆ ಕೂರುತ್ತಿಲ್ಲ. ಎಲ್ಲಿ ಬೇಕೆಂದರಲ್ಲಿ ಸಲ್ಲುವ ಮಾತು ಅದು. ನಿನ್ನ ಅಪ್ಪನ ಕುರ್ಚಿ ಕಂಫರ್ಟಬಲ್, ಎರಡು ಮನೆ ಬಾಡಿಗೆಗೆ ಬಿಟ್ಟಿರುವ ಬೆಸ್ಸಿಯ ಭಾವನೂ ಕಂಫರ್ಟಬಲ್. ಗಣಿಯಲ್ಲಿ ಸೊಂಟ ಮುರಿದುಕೊಂಡು ನಿನ್ನ ಅಪ್ಪ ಮಲಗಿದ್ದಾಗಲೂ ಡಾಕ್ಟರು ಅದನ್ನೇ ಹೇಳಿ ಟೋಪಿ ಎತ್ತಿಕೊಂಡು ನಡೆದರು. ಮೂರನೇ ದಿನ ನಿನ್ನ ಅಪ್ಪನನ್ನು ಮಣ್ಣು ಮಾಡಿದೆವು. ನಮ್ಮ ಹೆಟ್ಟಿಯೋ, ನೋವು ಮುಚ್ಚಿಡುವುದರಲ್ಲಿ ಅವಳಜ್ಜನಿಗಿಂತ ಒಂದು ಕೈ ಮೇಲು. ಸೆಪ್ಟೆಂಬರಿನಲ್ಲಿ ನೀನೇ ಶೂ ಕೊಡಿಸಿದೆಯಲ್ಲ, ಅಂಗಡಿಯವನು ಹೆಬ್ಬೆರಳು ಒತ್ತಿ, "ಕಂಫರ್ಟಬಲ್ ಆಗಿದ್ಯಾ ಪುಟ್ಟಿ?" ಎಂದರೆ, ಬಕಲಿನ ಆಸೆಗೆ ತುಟಿ ಕಚ್ಚಿಕೊಂಡು ನಕ್ಕು ಹೂಂ ಎಂದಳು ಕಳ್ಳಿ. ಮನೆಗೆ ಬಂದು ನೋಡಿದರೆ ಹಿಮ್ಮಡಿ ಸುಲಿದುಹೋಗಿತ್ತು. ಮೊನ್ನೆ ಭಾನುವಾರ ಆಸ್ಪತ್ರೆಯ ಕಿಟಕಿಯ ಹೊರಗೆ ನಿಂತು ಅವಳನ್ನು ನೋಡಿದೆವು. ಈ ಕಾಯಿಲೆಗೆ ಸೋತ ಹೃದಯಕ್ಕೆ ಆಯಾಸವಾಗಬಾರದೆಂದು ದಿಂಬಿಲ್ಲದೆ ಅಂಗಾತ ಮಲಗಿಸಿದ್ದಾರೆ. ಮುಖ ಹಿಟ್ಟಿನ ಹಾಗೆ ಬಿಳಿಚಿದೆ. ನೋಯುತ್ತಿದೆಯಾ ಎಂದು ಗಾಜಿನ ಈಚೆಯಿಂದ ಸನ್ನೆ ಮಾಡಿದೆ. ಇಲ್ಲವೆಂದು ತಲೆಯಾಡಿಸಿ, ತುಟಿ ಕಚ್ಚಿಕೊಂಡು ನಕ್ಕಳು. ಶೂ ಅಂಗಡಿಯ ನಗುವೇ ಅದು, ಎಡ್ವಿನ್. "ನಕ್ಕಳು ಅತ್ತೆ, ನೋಡಿದ್ರಾ? ನಕ್ಕಳು!" ಎಂದು ಓಲಿವ್ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಅವಳ ಸಂತೋಷಕ್ಕೆ ಕಲ್ಲು ಹಾಕಲು ನನಗೆ ಮನಸ್ಸಾಗಲಿಲ್ಲ. ನಾಲ್ಕು ದಿನದಿಂದ ಅನ್ನಿಸಿದ್ದನ್ನು ಯಾರಿಗೂ ಹೇಳದೆ ಒಬ್ಬಳೇ ನುಂಗುತ್ತಿದ್ದೇನೆ. ನನಗೆ ತುಂಬಾ ಹೆದರಿಕೆಯಾಗಿದೆ ಮಗ.

ದೇವರು ನಿನ್ನನ್ನು ನೀರಿನ ಮೇಲೆ ಕಾಯಲಿ, ನಿನ್ನ ಕೂಸನ್ನು ನೆಲದ ಮೇಲೆ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಹ್ಯಾನಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇವತ್ತಿನ ಪೇಪರು ಬಂತು. ಮೂವತ್ತು ಇದೆ, ಮೂವತ್ತೆರಡು ಇದೆ. ಮೂವತ್ತೊಂದು ಯಾವ ಸಾಲಿನಲ್ಲೂ ಇಲ್ಲ. ಓಲಿವ್ ಮೂರು ಸಲ ಬೆರಳಿಟ್ಟು ಹುಡುಕಿದಳು. "ಅಚ್ಚಿನವರು ಬಿಟ್ಟಿರ್ತಾರೆ ಕಣೇ" ಎಂದಳು ಬೆಸ್ಸಿ. ನನ್ನ ಮುಖ ನೋಡಲಿಲ್ಲ. "ಅಲ್ಲ, ಮನೆಗೆ ಕಳಿಸ್ತಿದಾರೆ, ಅದಕ್ಕೇ ತೆಗೆದಿದಾರೆ" ಎಂದು ಓಲಿವ್ ಆ ಬಕಲಿನ ಶೂ ಒರೆಸಿ, ಕೋಟಿನೊಳಗೆ ಇಟ್ಟುಕೊಂಡು ಆಸ್ಪತ್ರೆಗೆ ಓಡಿದ್ದಾಳೆ. ನಾನು ತಡೆಯಲಿಲ್ಲ. ನಮಗೆ ಕಾರ್ಡು ಬಂದಿಲ್ಲ, ಎಡ್ವಿನ್.